ನುಡಿಯ ಕಪಟ

ನುಡಿಯು ಮನಸ್ಸನ್ನು ಬೆಳಗಲೂ ಬಲ್ಲದು, ಮರುಳುಗೊಳಿಸಲೂ ಬಲ್ಲದು. ಸರ್ವಾಧಿಕಾರಿಯ ಆಳ್ವಿಕೆಯಲ್ಲಿ ಈ ಎರಡನೆಯ ಶಕ್ತಿಯು ಹೇಗೆ ಪ್ರಯೋಗವಾಗುವುದೆಂಬುದಕ್ಕೆ ಜರ್ಮನಿಯ ಒಂದು ಭಾಷಣವು ಸ್ಪಷ್ಟವಾದ ನಿದರ್ಶನವಾಗಿದೆ.

1943ನೆಯ ಇಸವಿಯ ಫೆಬ್ರವರಿ ಮೊದಲಲ್ಲಿ ಸ್ಟಾಲಿನ್‌ಗ್ರಾಡಿನ ಜರ್ಮನ್ ಸೈನ್ಯವು ಶರಣಾಯಿತು. ಅದೇ ತಿಂಗಳ 18ರಂದು ಹಿಟ್ಲರನ ಪ್ರಚಾರಮಂತ್ರಿಯಾದ ಗೋಬೆಲ್ಸನು ಬರ್ಲಿನ್ನಿನ ಸ್ಪೋರ್ಟ್‌ಪಲಾಸ್ಟ್ ಸಭಾಂಗಣದಲ್ಲಿ ಸಾವಿರಾರು ಜನರನ್ನುದ್ದೇಶಿಸಿ ಮಾತನಾಡಿದನು. ಭಾಷಣವು ರೇಡಿಯೋ ಮೂಲಕ ದೇಶಕ್ಕೆಲ್ಲ ಮುಟ್ಟಿತು. ಸೋಲು ಹೇಗಾಯಿತೆಂದು ವಿಚಾರಿಸುವ ಸಮಯವು ಇದಲ್ಲವೆಂದು ಹೇಳಿ, ಜನರ ದುಃಖವನ್ನು ಕ್ರೋಧವಾಗಿ ತಿರುಗಿಸಿ, ಕೊನೆಯಲ್ಲಿ ಹತ್ತು ಪ್ರಶ್ನೆಗಳನ್ನು ಹಾಕಿದನು. ಸಮಗ್ರ ಯುದ್ಧವು ಬೇಕೆ ಎಂಬುದು ಅವುಗಳಲ್ಲಿ ಪ್ರಸಿದ್ಧವಾದುದು. ಸಭೆಯು ಬೇಕೆಂದು ಗರ್ಜಿಸಿತು.

ಇಲ್ಲಿಯ ಕಪಟವು ಮೂರು ಬಗೆಯದು. ಮೊದಲನೆಯದು ಶ್ರೋತೃಗಳ ಆಯ್ಕೆ. ನೆರೆದವರು ಆರಿಸಿ ಕರೆಸಿದ ನಿಷ್ಠರು. ಭಾಷಣಕಾರನು ಅವರನ್ನೇ ಸಮಸ್ತ ಜನತೆಯ ಪ್ರತಿನಿಧಿಗಳೆಂದನು. ಹೀಗೆ ಕೆಲವರ ಕೂಗು ಎಲ್ಲರ ಸಮ್ಮತಿಯಾಯಿತು. ಎರಡನೆಯದು ಪ್ರಶ್ನೆಯ ರಚನೆ. ಜರ್ಮನರು ವಿಜಯದಲ್ಲಿ ನಂಬಿಕೆಯನ್ನು ಕಳೆದುಕೊಂಡಿದ್ದಾರೆಂದು ಇಂಗ್ಲಿಷರು ಹೇಳುತ್ತಾರೆ, ಇದು ನಿಜವೇ ಎಂಬ ರೀತಿಯಲ್ಲಿ ಮೊದಲ ಪ್ರಶ್ನೆಗಳು ಹೊರಟವು. ಸಂದೇಹಪಡುವವನು ಬಾಯಿತೆರೆಯುವ ಮೊದಲೇ ಶತ್ರುವಿನ ಪಕ್ಷಕ್ಕೆ ಸೇರಿಸಲ್ಪಟ್ಟಿದ್ದನು. ಮೂರನೆಯದು ಪದಗಳ ಅರ್ಥವನ್ನೇ ಕೆಡಿಸುವುದು. ಡ್ರೆಸ್ಡೆನ್ನಿನ ಭಾಷಾಪಂಡಿತರಾದ ವಿಕ್ಟರ್ ಕ್ಲೆಂಪೆರರ್ ಅವರು ಇದನ್ನು ಗುಟ್ಟಾಗಿ ದಿನಚರಿಯಲ್ಲಿ ಬರೆದಿಟ್ಟು, 1947ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಕುರುಡು ಅಭಿನಿವೇಶವನ್ನು ಸೂಚಿಸುತ್ತಿದ್ದ ನಿಂದೆಯ ಪದವು ಆ ಕಾಲದಲ್ಲಿ ಪ್ರಶಂಸೆಯ ಪದವಾಯಿತೆಂದು ಅವರು ತೋರಿಸಿದ್ದಾರೆ. ಆಳುವವರ ಕಾಗದಪತ್ರಗಳಲ್ಲಿ ಕೊಲೆಗೆ 'ವಿಶೇಷ ಉಪಚಾರ'ವೆಂಬ ಹೆಸರು ಬಂದಿತು. ಹೆಸರು ಸೌಮ್ಯವಾದರೆ ಕೈಗೆ ಅಳುಕು ಉಳಿಯದು.

ಬೇಡವೆಂದವರ ಗತಿಯೇನು? ಬರ್ಲಿನ್ನಿನಲ್ಲಿ ಈ ಭಾಷಣವಾದ ದಿನವೇ ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಹಾನ್ಸ್ ಮತ್ತು ಸೋಫಿ ಶೋಲ್ ಎಂಬ ಅಣ್ಣತಂಗಿಯರು ಆಳ್ವಿಕೆಯನ್ನು ಖಂಡಿಸುವ ಕರಪತ್ರಗಳನ್ನು ಹಂಚಿ ಸೆರೆಯಾದರು. 22ರಂದು ಅವರ ಶಿರಶ್ಛೇದವಾಯಿತು.

ಇದರಿಂದ ತಿಳಿಯತಕ್ಕದ್ದೇನೆಂದರೆ: ಬೇಡವೆನ್ನಲು ಎಡೆಯಿಲ್ಲದ ಪ್ರಶ್ನೆಯು ಪ್ರಶ್ನೆಯಾಗದೆ ಆಜ್ಞೆಯೇ ಆಗಿರುತ್ತದೆ. ಆದುದರಿಂದ ಭಾಷಣವನ್ನು ಕೇಳುವವನು ವಾಗ್ಮಿಯ ಕಂಠಕ್ಕೆ ಮಾರುಹೋಗದೆ, ಸಭೆಯಲ್ಲಿ ಯಾರಿಗೆ ಸ್ಥಳವಿಲ್ಲ, ಯಾವ ಉತ್ತರಕ್ಕೆ ದಂಡನೆಯಿದೆ, ಯಾವ ಹೆಸರಿನ ಹಿಂದೆ ಯಾವ ಕೃತ್ಯವಿದೆ ಎಂಬುದನ್ನು ವಿಚಾರಿಸಬೇಕು. ಚಪ್ಪಾಳೆ ತಟ್ಟುವುದಕ್ಕೆ ಮೊದಲು ಅಷ್ಟು ವಿಚಾರವಾದರೂ ನಡೆಯಲಿ.