ಆರೋಗ್ಯ ಪ್ರಶ್ನೋತ್ತರ: ದಿನವೂ ಏದುಸಿರು ಬಿಡುವಂತೆ ಓಡಬೇಕೇ?

ಪ್ರಶ್ನೆ: ನನಗೆ 41 ವರ್ಷ. ವಾರಕ್ಕೆ ನಾಲ್ಕು ದಿನ, ಪ್ರತಿ ಸಲ 6 ಕಿ.ಮೀ. ಏದುಸಿರು ಬರುವಂತೆ ಓಡುತ್ತೇನೆ. ಆರು ತಿಂಗಳಾದರೂ 10 ಕಿ.ಮೀ. ಓಟದ ಸಮಯ ಇಳಿದಿಲ್ಲ. ಈಗ ಕಣಕಾಲಿನ ಮೂಳೆ ನೋಯುತ್ತಿದೆ. ಇನ್ನೂ ಜೋರಾಗಿ ಓಡಬೇಕೇ, ಡಾಕ್ಟರೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ನಾಲ್ಕರಲ್ಲಿ ಮೂರು ದಿನ ನಿಧಾನವಾಗಿ ಓಡಿ. ನಿಧಾನ ಎಂದರೆ ಜೊತೆಯವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗುವಷ್ಟು. ನಡುವೆ ಸ್ವಲ್ಪ ನಡೆಯಬೇಕಾದರೂ ಸಂಕೋಚ ಬೇಡ. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು, ಮೈಟೊಕಾಂಡ್ರಿಯಾಗಳು ಹೆಚ್ಚಲು ಆ ವೇಗವೂ ಸಾಕು. ನಿಮ್ಮ ಈಗಿನ ಓಟ ಮರುದಿನಕ್ಕೂ ದಣಿವು ಉಳಿಸುವಷ್ಟು ಜೋರು, ಆದರೆ ನಿಜವಾದ ವೇಗಾಭ್ಯಾಸವೂ ಅಲ್ಲ. ಅದಕ್ಕಿಂತ ಮುಖ್ಯವಾದದ್ದು ಮೂಳೆ. ಹೃದಯ ಕೆಲವೇ ವಾರಗಳಲ್ಲಿ ಪಳಗುತ್ತದೆ. ಮೂಳೆಯ ಹಳೆಯ ಭಾಗ ಕರಗಿ ಹೊಸದು ಗಟ್ಟಿಯಾಗಲು ಮೂರು-ನಾಲ್ಕು ತಿಂಗಳು ಬೇಕು. ಉಸಿರಿಗೆ ಒಗ್ಗಿದ ವೇಗ ಮೂಳೆಗೆ ಇನ್ನೂ ಒಗ್ಗಿರುವುದಿಲ್ಲ.

ನಿಧಾನದ ಓಟ ದಿನಕ್ಕೆರಡು ಸಲ ಓಡುವ ವೃತ್ತಿಪರರಿಗೆ ಸರಿ, ಕೆಲಸದ ನಡುವೆ ಬಿಡುವು ಮಾಡಿಕೊಳ್ಳುವವರಿಗಲ್ಲ ಎಂಬ ಆಕ್ಷೇಪವಿದೆ. ನಾರ್ವೆಯಲ್ಲಿ ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ಗುರುತಿಸಿದ 'ನೂರಕ್ಕೆ ಎಂಬತ್ತು ನಿಧಾನ' ಎಂಬ ಹಂಚಿಕೆ ಮೇಲ್ದರ್ಜೆಯ ಕ್ರೀಡಾಪಟುಗಳದ್ದೇ, ನಿಜ. ಆದರೆ 2014ರಲ್ಲಿ ಪ್ರಕಟವಾದ ಸ್ಪೇನಿನ ಪ್ರಯೋಗದಲ್ಲಿ ಓಡಿದವರು 30 ಮಂದಿ ಹವ್ಯಾಸಿಗಳು. ಹತ್ತು ವಾರಗಳಲ್ಲಿ, ಹೆಚ್ಚು ನಿಧಾನವಾಗಿ ಓಡಿದವರ 10 ಕಿ.ಮೀ. ಸಮಯ ಶೇ 5ರಷ್ಟು, ನಡುವೇಗಕ್ಕೆ ಒತ್ತು ಕೊಟ್ಟವರದು ಶೇ 3.6ರಷ್ಟು ಸುಧಾರಿಸಿತು. ಈ ಅಂತರ ಖಚಿತ ಗೆಲುವು ಎನ್ನುವಷ್ಟು ದೊಡ್ಡದಲ್ಲ, ಪ್ರಯೋಗವೂ ಚಿಕ್ಕದು. ಆದರೂ ನಿಧಾನವಾಗಿ ಓಡಿದ್ದರಿಂದ ಹವ್ಯಾಸಿಗಳು ಹಿಂದೆ ಬೀಳಲಿಲ್ಲ ಎಂಬುದಕ್ಕೆ ಅಷ್ಟು ಸಾಕ್ಷ್ಯ ಸಾಕು. ವಾರಕ್ಕೆ ಎರಡೇ ದಿನ ಓಡುವವರಿಗೆ ಈ ಲೆಕ್ಕ ಅಷ್ಟಾಗಿ ಹೊಂದದು; ನಿಮ್ಮದು ನಾಲ್ಕು ದಿನ.

ಜೋರು ಬೇಡವೇ ಬೇಡ ಎಂದಲ್ಲ. ನೋವು ಪೂರ್ತಿ ಹೋದ ಎರಡು-ಮೂರು ವಾರಗಳ ಮೇಲೆ, ಒಂದು ದಿನ ಮೈ ಬೆಚ್ಚಗಾದ ಬಳಿಕ ಮೂರು ನಿಮಿಷ ವೇಗ, ಎರಡು ನಿಮಿಷ ನಿಧಾನ, ಹೀಗೆ ನಾಲ್ಕು ಸಲ ಓಡಿ. ನಿಧಾನದ ದಿನಗಳಲ್ಲಿ ಒಂದನ್ನು ಮಾತ್ರ ಸ್ವಲ್ಪಸ್ವಲ್ಪವೇ 9 ಕಿ.ಮೀ.ವರೆಗೆ ಬೆಳೆಸಿ. ಅದಕ್ಕೂ ಮೊದಲು ಕಣಕಾಲನ್ನು ಬೆರಳಿನಿಂದ ಒತ್ತಿ ನೋಡಿ. ನೋವು ಉದ್ದಕ್ಕೂ ಹರಡಿದ್ದರೆ ಕೆಲದಿನ ಓಟ ಬಿಟ್ಟು ಸೈಕಲ್ ತುಳಿಯಬಹುದು. ಒಂದೇ ಬಿಂದುವಿನಲ್ಲಿ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆಯಲ್ಲಿ ಬಿರುಕು ಬಿಟ್ಟಿರಬಹುದು. ಆರಂಭದಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದುಂಟು. ಹಾಗಿದ್ದರೆ ಓಟ ನಿಲ್ಲಿಸಿ ಈ ವಾರವೇ ಮೂಳೆ ತಜ್ಞರನ್ನು ಕಾಣಿ.