ಬೆಂಕಿ ಯಾವ ಕಡೆಯಿಂದ ಬಂತು?

ನಾನು ವಿಮೆಯ ಸರ್ವೇಯರ್. ಬೆಂಕಿ ಆರಿದ ಮೇಲೆ ಊರಿಗೆ ಕಾಲಿಡುವವನು. ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ನನ್ನ ಓಡಾಟದ ತಾಲ್ಲೂಕುಗಳು. ನಂಜನಗೂಡಿನ ಹೆಡಿಯಾಲದ ಕಡೆ ಬಂಡೀಪುರದ ಕಾಡು ಹೊಲದ ಬದುವಿನವರೆಗೂ ಬಂದಿದೆ. ನರಸೀಪುರದ ಕಡೆ ಕಾಲುವೆ ನೀರು, ಭತ್ತ, ಕಬ್ಬು. ಸಂಕ್ರಾಂತಿ ಕಳೆದು ಯುಗಾದಿ ಬರುವವರೆಗೆ ಎರಡು ಕಡೆಯೂ ಒಣಗಿ ನಿಂತಿರುತ್ತವೆ. ಸುಟ್ಟವರ ಮನೆಯಂಗಳದಲ್ಲಿ ನಿಂತು ಕಲಿತದ್ದನ್ನು ಸುಡದವರಿಗಾಗಿ ಬರೆದಿಡುತ್ತಿದ್ದೇನೆ.

1. ಕಾಡು ದೂರ, ಮೆದೆ ಹತ್ತಿರ

2019ರ ಫೆಬ್ರವರಿ ಕೊನೆಯಲ್ಲಿ ಬಂಡೀಪುರ ಹೊತ್ತಿ ಉರಿದದ್ದು ಎಲ್ಲರಿಗೂ ನೆನಪಿದೆ. ಸಾವಿರಾರು ಹೆಕ್ಟೇರ್ ಬೂದಿಯಾಗಿ, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳೇ ನೀರು ಸುರಿಯಬೇಕಾಯಿತು. ಕಾಡ್ಗಿಚ್ಚು ಅಂದರೆ ಗೋಡೆಯಂತೆ ನುಗ್ಗಿ ಬರುವ ಜ್ವಾಲೆ ಎಂದೇ ನಾವು ತಿಳಿದಿದ್ದೇವೆ. ಆದರೆ ಮನೆಗಳನ್ನು ಹೆಚ್ಚಾಗಿ ಸುಡುವುದು ಗಾಳಿಯಲ್ಲಿ ಹಾರಿಬರುವ ಕಿಡಿ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಸುಟ್ಟ ಮನೆಗಳನ್ನು ಪರೀಕ್ಷಿಸಿದವರು ಹೇಳುವುದೂ ಇದನ್ನೇ. ಕ್ಯಾಲಿಫೋರ್ನಿಯಾದಲ್ಲಿ ಗೋಡೆಯ ಸುತ್ತ ಐದು ಅಡಿಯೊಳಗೆ ಉರಿಯುವ ವಸ್ತು ಇರಲೇಬಾರದು ಅನ್ನುತ್ತಾರೆ.

ನಮ್ಮಲ್ಲಿ ಆ ಐದು ಅಡಿಯಲ್ಲೇ ಸೌದೆ, ತೆಂಗಿನ ಗರಿ, ರಾಗಿ ಹುಲ್ಲು ಎಲ್ಲ ಇರುತ್ತವೆ. ಕಿಡಿಗೆ ಬೇಕಾದ್ದು ಅಷ್ಟೇ. ನಾಡಹೆಂಚಿನ ಮನೆಯಾದರೆ ಹೆಂಚಿನ ಸಂದಿಯಲ್ಲಿ ಸೇರಿಕೊಂಡ ಒಣ ಎಲೆ, ಗುಬ್ಬಿಗೂಡು, ಅಟ್ಟದಲ್ಲಿ ತುರುಕಿದ ಗೋಣಿಚೀಲ. ಜನವರಿಯಲ್ಲಿ ಒಂದು ದಿನ ಏಣಿ ಹತ್ತಿ ಇವನ್ನು ಇಳಿಸಿದರೆ ಸಾಕು. ಇದಕ್ಕೆ ಖರ್ಚಿಲ್ಲ, ಬೇಜಾರು ಮಾತ್ರ.

2. ಮೆದೆ, ಕೊಟ್ಟಿಗೆ, ಮನೆ: ಮೂರನ್ನೂ ಬಿಡಿಸಿ

ನಾನು ನೋಡಿದ ದೊಡ್ಡ ನಷ್ಟಗಳಲ್ಲೆಲ್ಲ ಈ ಮೂರೂ ಸಾಲಾಗಿ ಅಂಟಿಕೊಂಡಿದ್ದವು. ಮೆದೆ ಹೊತ್ತಿದರೆ ಆರಿಸಲಾಗದು. ಮೇಲೆ ನೀರು ಸುರಿದರೂ ಒಳಗೆ ದಿನಗಟ್ಟಲೆ ಕೆಂಡ ಇರುತ್ತದೆ. ಹಾಗಾಗಿ ಮೆದೆ ಹೋದರೂ ಕೊಟ್ಟಿಗೆ ಉಳಿಯುವಷ್ಟು ದೂರದಲ್ಲಿ ಒಟ್ಟಬೇಕು. ವಿದ್ಯುತ್ ತಂತಿಯ ಕೆಳಗಂತೂ ಬೇಡವೇ ಬೇಡ. ಜೋತುಬಿದ್ದ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರುವುದು ನಮ್ಮ ಕಡೆ ಬೆಂಕಿಯ ಮಾಮೂಲಿ ಕಾರಣ. 1912ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ತಂತಿ ಸರಿಪಡಿಸದೆ ಬಿಟ್ಟರೆ ಮುಂದೆ ಪರಿಹಾರ ಕೇಳುವಾಗ ಆ ಸಂಖ್ಯೆಯೇ ಸಾಕ್ಷಿ.

ಹಸಿ ಹುಲ್ಲನ್ನು ಒಟ್ಟಿದರೆ ಒಳಗೇ ಕಾವು ಏರಿ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಊರಿನವರು ಆಗದವರ ಕೈವಾಡ ಅನ್ನುತ್ತಾರೆ. ಕೆಲವೊಮ್ಮೆ ಹೌದು, ಕೆಲವೊಮ್ಮೆ ಬರೀ ತೇವ.

3. ಕೊಟ್ಟಿಗೆ ಬಾಗಿಲಲ್ಲಿ ಒಂದು ಕುಡುಗೋಲು

ಹಗ್ಗದಲ್ಲಿ ಕಟ್ಟಿದ ದನವನ್ನು ಹಗ್ಗ ಕೊಯ್ದು ಬಿಡಬಹುದು, ಸರಪಳಿಯಲ್ಲಿ ಕಟ್ಟಿದ್ದನ್ನು ಆಗದು. ಹಸುವಿಗೆ ವಿಮೆ ಮಾಡಿಸಿದ್ದರೆ ಕಿವಿಯೋಲೆ ಇರಲೇಬೇಕು. ಸತ್ತ ಹಸುವನ್ನು ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡುವ ಮೊದಲು ಹೂಳಬೇಡಿ. ದುಃಖದಲ್ಲಿ ಬೇಗ ಮುಗಿಸಿಬಿಡುವವರೇ ಹೆಚ್ಚು.

4. ನೀರಿದೆ ಎಂದು ನಂಬಬೇಡಿ

ಕೊಳವೆಬಾವಿ ಇದೆ, ಆದರೆ ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವೇ ತಾಸು. ಬೆಂಕಿ ಆ ಸಮಯ ನೋಡಿ ಬರುವುದಿಲ್ಲ. ತೊಟ್ಟಿಯಲ್ಲಿ ನೀರು, ಔಷಧಿ ಹೊಡೆಯುವ ಸ್ಪ್ರೇಯರ್, ಹಸಿ ಸೊಪ್ಪಿನ ಕೊಂಬೆ ಇಷ್ಟಿದ್ದರೆ ಅಗ್ನಿಶಾಮಕದವರು ಬರುವವರೆಗೆ ತಡೆಯಬಹುದು. 112 ಅಥವಾ 101ಕ್ಕೆ ಮೊದಲೇ ಫೋನ್ ಮಾಡಿ. ಕಬ್ಬಿನ ಗದ್ದೆಯಾದರೆ ನೀರಿಗಿಂತ ಖಾಲಿ ನೆಲವೇ ಕಾಪಾಡುವುದು. ಅಂಚಿನಲ್ಲಿ ತರಗು ತೆಗೆದು ಟ್ರ್ಯಾಕ್ಟರಿನಲ್ಲಿ ಎರಡು ಸಾಲು ಉತ್ತುಬಿಡಿ. ಕಾಡಂಚಿನಲ್ಲಿ ಅರಣ್ಯ ಇಲಾಖೆ ಬೆಂಕಿರೇಖೆ ಮಾಡುವುದೂ ಇದೇ ಲೆಕ್ಕದಲ್ಲಿ. ಶಿವರಾತ್ರಿ ಗಾಳಿಯಲ್ಲಿ ಬದುವಿನ ಹುಲ್ಲು ಸುಡುವವರನ್ನು ಮಾತ್ರ ಊರವರೇ ತಡೆಯಬೇಕು.

5. ಬೆಳೆ ವಿಮೆ ಎಲ್ಲ ಬೆಂಕಿಗೂ ಅಲ್ಲ

“ಬೆಳೆ ವಿಮೆ ಕಟ್ಟಿವ್ನಿ ಸಾರ್, ಬರಾಕಿಲ್ವಾ?” ಈ ಪ್ರಶ್ನೆಗೆ ಉತ್ತರ ಹೇಳುವುದೇ ನನಗೆ ಕಷ್ಟದ ಕೆಲಸ. 2016ರಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ರೈತ ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ. 5ರವರೆಗೆ ಕಟ್ಟುತ್ತಾನೆ. ಒಬ್ಬನ ಹೊಲಕ್ಕೆ ಮಾತ್ರ ಆದ ಬೆಂಕಿಯ ನಷ್ಟಕ್ಕೆ ಅದರಲ್ಲಿ ಜಾಗವಿರುವುದು ಸಿಡಿಲು ಬಡಿದು ತಾನಾಗಿ ಹತ್ತಿದ ಬೆಂಕಿಗೆ. ಅದನ್ನೂ 72 ಗಂಟೆಯೊಳಗೆ ತಿಳಿಸಬೇಕು. ತಂತಿಯ ಕಿಡಿ, ಬೀಡಿಯ ತುಂಡು, ಪಕ್ಕದವನು ಹಚ್ಚಿದ ಕಸ ಇವು ಸೇರುವುದಿಲ್ಲ. ಕೊಯ್ದು ಹೊಲದಲ್ಲೇ ಹರಡಿದ ಫಸಲಿಗೆ 14 ದಿನದ ರಕ್ಷಣೆ ಇದೆ, ಅದು ಮಳೆ, ಆಲಿಕಲ್ಲು, ಚಂಡಮಾರುತಕ್ಕೆ, ಬೆಂಕಿಗಲ್ಲ. ಬೆಂಕಿಯೇ ದೊಡ್ಡ ಭಯವಾದ ಒಣ ಸೀಮೆಯ ರೈತನಿಗೆ ಇದು ಸಾಲದು ಎಂಬುದು ನನ್ನ ಅಭಿಪ್ರಾಯ. ಆದರೆ ನಿಯಮ ಇರುವುದು ಹೀಗೆ.

ಆದ್ದರಿಂದ ನಾನು ಹೋದ ಕೂಡಲೇ ಕೇಳುವುದು ಎಷ್ಟು ಸುಟ್ಟಿತು ಎಂದಲ್ಲ, ಯಾವ ಕಡೆಯಿಂದ ಬಂತು ಎಂದು. ತಂತಿಯಿಂದ ಬಂದಿದ್ದರೆ ವಿದ್ಯುತ್ ಪರಿವೀಕ್ಷಕರ ವರದಿ ಬೇಕು, ಪರಿಹಾರ ಕೇಳಬೇಕಾದ್ದು ವಿದ್ಯುತ್ ನಿಗಮವನ್ನು. ಗ್ಯಾಸ್ ಸಿಲಿಂಡರಿನಿಂದಾದರೆ ತೈಲ ಕಂಪನಿಗಳೇ ಮಾಡಿಸಿರುವ ವಿಮೆ ಇದೆ. ಏಜೆನ್ಸಿಗೆ ಲಿಖಿತವಾಗಿ ತಿಳಿಸಬೇಕು. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಇನ್ನು ಸರ್ಕಾರದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಬೆಂಕಿಯೂ ಇದೆ. ಮನೆ, ಗುಡಿಸಲು, ಕೊಟ್ಟಿಗೆ, ಕರೆಯುವ ಹಸು ಎಲ್ಲಕ್ಕೂ ಪ್ರತ್ಯೇಕ ದರ. ಮೊತ್ತ ಸಣ್ಣದು, ಆದರೂ ಬಿಡಬೇಡಿ. ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ, ಬೂದಿ ಗುಡಿಸುವ ಮೊದಲೇ ಮಹಜರು ಆಗಲಿ.

6. ಮನೆಯ ವಿಮೆ ಅಗ್ಗ, ಓದುವವರು ಕಡಿಮೆ

2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಕೊಡುತ್ತಿವೆ. ಹಳೆಯ ಬೆಂಕಿ ಪಾಲಿಸಿಯಲ್ಲಿ ಕುರುಚಲಿನ ಬೆಂಕಿ ಸೇರಿತ್ತು, ಕಾಡಿನ ಬೆಂಕಿಗೆ ಹೆಚ್ಚುವರಿ ಹಣ ಕಟ್ಟಬೇಕಿತ್ತು. ಹೊಸದರಲ್ಲಿ ಕಾಡ್ಗಿಚ್ಚು ಒಳಗೇ ಇದೆ. ಕಟ್ಟಡಕ್ಕೆ ಮಾಡಿಸಿದರೆ ಮನೆಯ ಸಾಮಾನಿಗೂ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ ತಾನಾಗಿ ಸೇರುತ್ತದೆ. ಒಡವೆಗೆ ಬೇರೆ ಬರೆಸಬೇಕು.

ಇದರಲ್ಲಿ ಕೇಳಿ ತಿಳಿಯಬೇಕಾದ್ದು ಎರಡಿದೆ. ಗೋಡೆ ಅಥವಾ ಚಾವಣಿ ಸೋಗೆಯದೋ, ಹುಲ್ಲಿನದೋ, ಟಾರ್ಪಾಲಿನದೋ ಆಗಿದ್ದರೆ ಅದು ಕಚ್ಚಾ ಕಟ್ಟಡ; ಅರ್ಜಿಯಲ್ಲಿ ಪಕ್ಕಾ ಎಂದು ಬರೆಸಿದರೆ ಕ್ಲೇಮಿನ ಹೊತ್ತಿಗೆ ಜಗಳ ಖಂಡಿತ. ಎರಡನೆಯದು, ದನದ ಕೊಟ್ಟಿಗೆ, ಪಂಪ್‌ಮನೆ, ಹುಲ್ಲು ಇವು ಮನೆಯಲ್ಲ. ಬೇಕಿದ್ದರೆ ಹೆಸರಿಟ್ಟು ಬರೆಸಿ, ಇಲ್ಲವೇ ರೈತರ ಪ್ಯಾಕೇಜ್ ಪಾಲಿಸಿ ಕೇಳಿ.

ಅಂಗಡಿ, ಅಕ್ಕಿ ಗಿರಣಿ, ಗೋದಾಮಿನವರಿಗೆ ಇನ್ನೊಂದು ಲೆಕ್ಕ. 10 ಲಕ್ಷದ ಸರಕಿಗೆ 5 ಲಕ್ಷಕ್ಕೆ ವಿಮೆ ಮಾಡಿಸಿ 2 ಲಕ್ಷದ್ದು ಸುಟ್ಟರೆ, ಕೈಗೆ ಬರುವುದು ಒಂದೇ ಲಕ್ಷ. ಸಣ್ಣ ಉದ್ಯಮಗಳ ‘ಸೂಕ್ಷ್ಮ ಉದ್ಯಮ ಸುರಕ್ಷಾ’ದಲ್ಲಿ ಶೇ. 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ, ಅದಕ್ಕಿಂತ ಹೆಚ್ಚಾದರೆ ಕತ್ತರಿ. ಪ್ರೀಮಿಯಂ ಉಳಿಸಲು ಹೋದವರೇ ಇಲ್ಲಿ ಸಿಕ್ಕಿಬೀಳುತ್ತಾರೆ. ಗೃಹ ರಕ್ಷಾದಲ್ಲಿ ಈ ಕತ್ತರಿ ಇಲ್ಲ.

7. ಟ್ರ್ಯಾಕ್ಟರಿಗೆ ಥರ್ಡ್ ಪಾರ್ಟಿ ಸಾಲದು

ಬಂಡೀಪುರ ಉರಿಯುತ್ತಿದ್ದ ಅದೇ ವಾರ, 2019ರ ಫೆಬ್ರವರಿ 23ರಂದು ಬೆಂಗಳೂರಿನ ಯಲಹಂಕದ ವಿಮಾನ ಪ್ರದರ್ಶನದ ಪಾರ್ಕಿಂಗ್ ಮೈದಾನದಲ್ಲಿ ಬೆಂಕಿ ಬಿತ್ತು. ಒಣಹುಲ್ಲಿನ ನೆಲದಲ್ಲಿ ಒತ್ತೊತ್ತಾಗಿ ನಿಲ್ಲಿಸಿದ್ದ ಸುಮಾರು 300 ಕಾರುಗಳು ಹೋದವು. ಸಮಗ್ರ ವಿಮೆ ಇದ್ದವರಿಗೆ ದಾರಿಯಿತ್ತು. ಬರೀ ಥರ್ಡ್ ಪಾರ್ಟಿ ಕಟ್ಟಿದ ಪಾಲಿಸಿ ತನ್ನ ವಾಹನ ಸುಟ್ಟರೆ ಏನೂ ಕೊಡುವುದಿಲ್ಲ. ಮೆದೆಯ ನೆರಳಲ್ಲಿ ನಿಲ್ಲಿಸಿದ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಈ ಜಾತಿಗೇ ಸೇರಿದವು.

8. ತಿರಸ್ಕಾರದ ಪತ್ರವೇ ಕೊನೆಯಲ್ಲ

ಕಂಪನಿ ಇಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಕಂಪನಿಗೇ ಮೊದಲು ದೂರು ಕೊಟ್ಟು, ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ತಕರಾರು ಅವರ ವ್ಯಾಪ್ತಿಗೆ ಬರುತ್ತದೆ.

9. ಜನವರಿಯಲ್ಲೇ ಫೋಟೊ

ಮನೆ, ಕೊಟ್ಟಿಗೆ, ಮೋಟಾರಿನ ಮೇಲಿನ ಸಂಖ್ಯೆ, ಹಸುವಿನ ಓಲೆ, ಪಹಣಿ, ಪಾಲಿಸಿಯ ಎಲ್ಲ ಪುಟ ಇಷ್ಟನ್ನೂ ಮೊಬೈಲಿನಲ್ಲಿ ತೆಗೆದು ಬೇರೆ ಊರಲ್ಲಿರುವ ಮಗಳಿಗೋ ತಮ್ಮನಿಗೋ ಕಳಿಸಿಡಿ. ಮೊಬೈಲೂ ಸುಟ್ಟುಹೋದ ಮನೆಗಳಿವೆ.