ಶಾಖ ಅಳೆಯದೆ ಆಯಿಲ್ ಬದಲಿಸಬೇಡ

ನೋಡು ಮರಿ, ಟ್ರ್ಯಾಕಿಗೆ ಹೋಗಬೇಡ ಅನ್ನುವ ಚಿಕ್ಕಪ್ಪ ನಾನಲ್ಲ. ನಡುರಾತ್ರಿ ಏರ್‌ಪೋರ್ಟ್ ರಸ್ತೆಯಲ್ಲಿ ಹುಚ್ಚಾಟ ಆಡುವುದಕ್ಕಿಂತ, ದುಡ್ಡು ಕಟ್ಟಿ ಹೆಲ್ಮೆಟ್ ಹಾಕಿಕೊಂಡು ಚೆನ್ನೈ ಕಡೆಯ ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೋಗಿ ಆಸೆ ತೀರಿಸಿಕೊಳ್ಳುವುದು ಎಷ್ಟೋ ವಾಸಿ. ಆದರೆ ಗೆಳೆಯರ ಮಾತು ಕೇಳಿ ಪೋಲೋ ಟಿಎಸ್‌ಐಗೆ 20ಡಬ್ಲ್ಯೂ-50 ಆಯಿಲ್ ತುಂಬಿಸಲು ಹೊರಟಿದ್ದೀಯಂತೆ. ನನ್ನ ತಕರಾರು ಇರುವುದು ಅಲ್ಲಿ. ನಿನ್ನ ಆಯಿಲ್ ಎಷ್ಟು ಬಿಸಿಯಾಗುತ್ತದೆ ಅನ್ನುವುದೇ ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾಯಿಲೆಗೆ ಮದ್ದು ಯಾಕೆ?

ಮೀಟರಿನಲ್ಲಿ 90ಕ್ಕೆ ನಿಂತಿರುವ ಮುಳ್ಳು ಕೂಲಂಟ್‌ನದು, ಆಯಿಲ್‌ನದಲ್ಲ. ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಜನ ಸುಮ್ಮನೆ ಗಾಬರಿಯಾಗದಿರಲಿ ಅಂತ, ಸಣ್ಣಪುಟ್ಟ ಏರಿಳಿತಕ್ಕೆ ಅಲ್ಲಾಡದ ಹಾಗೆ ಬಹಳ ಕಾರುಗಳಲ್ಲಿ ಅದನ್ನು ಕಟ್ಟಿಹಾಕಿರುತ್ತಾರೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಆಯಿಲ್ ಸುಮಾರು 90–100 ಡಿಗ್ರಿಯಲ್ಲಿ ಇರಬಹುದು. ಟ್ರ್ಯಾಕಿನಲ್ಲಿ ಅದೇ ಕಾರನ್ನು ಸುಮಾರು 3.7 ಕಿ.ಮೀ.ನ ಸುತ್ತು ಮೇಲೆ ಸುತ್ತು ಆಕ್ಸಿಲರೇಟರ್ ಒತ್ತಿ ಹಿಡಿದು ಓಡಿಸಿದರೆ 120 ದಾಟುವುದು ದೊಡ್ಡ ವಿಷಯವಲ್ಲ. ಮೇಲೆ ಚೆನ್ನೈ ಬಿಸಿಲು ಬೇರೆ. ಕೂಲರ್ ಯಾವುದೇ ಇರಲಿ, ಶಾಖವನ್ನು ಕೊನೆಗೆ ಹೊರಗಿನ ಗಾಳಿಗೇ ಒಪ್ಪಿಸಬೇಕು. ನಮ್ಮೂರ ಬೆಳಗಿನ 20 ಡಿಗ್ರಿಯಲ್ಲಿ ಪಾಸಾದ ಇಂಜಿನ್ ಅಲ್ಲಿನ 36ರಲ್ಲಿ ಫೇಲಾಗಬಹುದು.

ಇನ್ನು ಡಬ್ಬದ ಮೇಲಿನ ಅಂಕಿ. 5ಡಬ್ಲ್ಯೂ-40 ಅಂದರೆ ಡಬ್ಲ್ಯೂ ಮುಂದಿನ 5 ಚಳಿಯಲ್ಲಿ ಸ್ಟಾರ್ಟ್ ಮಾಡುವಾಗಿನ ಲೆಕ್ಕ. ಮೈನಸ್ ಡಿಗ್ರಿಯ ಊರಿನವರ ತಲೆನೋವು ಅದು, ನಮಗೆ ಅಷ್ಟು ಮುಖ್ಯವಲ್ಲ. 40 ಅಂದರೆ 100 ಡಿಗ್ರಿ ಶಾಖದಲ್ಲಿ ಆಯಿಲ್‌ನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು ಅನ್ನುವ ಎಸ್‌ಎಇ ನಿಯಮ. 30 ಅಂದರೆ 9.3ರಿಂದ 12.5ರ ಒಳಗೆ. ಗಮನಿಸು, ಎಲ್ಲವೂ 100 ಡಿಗ್ರಿಯ ಮಾತು. 100ರಲ್ಲಿ 14 ಇದ್ದ 40 ಗ್ರೇಡ್ ಆಯಿಲ್ 120ಕ್ಕೆ ಹೋದಾಗ 9ರ ಆಸುಪಾಸಿಗೆ ಇಳಿಯುತ್ತದೆ, 140ರಲ್ಲಿ ಅರ್ಧಕ್ಕೂ ಕಡಿಮೆ. ಅಂದರೆ ಬಿಸಿ ಏರಿದ 40, 100 ಡಿಗ್ರಿಯಲ್ಲಿರುವ 30ರ ಹಾಗೆ ನಡೆದುಕೊಳ್ಳುತ್ತದೆ. ಕ್ರ್ಯಾಂಕ್‌ಗೂ ಬೇರಿಂಗ್‌ಗೂ ನಡುವೆ ಇರುವುದು ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪದರ. ಅದು ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ.

ಹಾಗಾದರೆ 50 ಹಾಕಿದರೆ ತಪ್ಪೇನು ಅಂತೀಯ. ಮಂದ ಆಯಿಲ್ ಬೇರಿಂಗಿನ ಸಂದಿಯಲ್ಲಿ ಅರೆದಾಡುವಾಗ ತಾನೇ ಹೆಚ್ಚು ಶಾಖ ಹುಟ್ಟಿಸುತ್ತದೆ. ಗೇಜಿನಲ್ಲಿ ಪ್ರೆಷರ್ ಜೋರಾಗಿ ಕಾಣುತ್ತದೆ, ಹರಿವು ಮಾತ್ರ ಕಡಿಮೆ. ಬೆಳಗಿನ ಮೊದಲ ಸುತ್ತಿನಲ್ಲಂತೂ ಪಂಪಿನ ರಿಲೀಫ್ ವಾಲ್ವ್ ತೆರೆದು ಒಂದಷ್ಟು ಆಯಿಲ್ ಬೇರಿಂಗ್ ಮುಟ್ಟದೆ ವಾಪಸಾಗುತ್ತದೆ. ಹಳೇ ಅಂಬಾಸಡರ್‌ಗೆ 20ಡಬ್ಲ್ಯೂ-50 ಸೈ. ನಿನ್ನದು ಟರ್ಬೊ ಇಂಜಿನ್, ಬಿಗಿ ಸಂದಿಗಳದ್ದು. ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಅನುಮೋದನೆ ಇರುವ ಒಳ್ಳೆಯ ಸಿಂಥೆಟಿಕ್ 5ಡಬ್ಲ್ಯೂ-40 ಹಾಕಿದರೆ ಸಾಕು.

ಕೊಳ್ಳುವಾಗ ಅಂಗಡಿಯವನ ಮಾತಿಗೆ ತಲೆಯಾಡಿಸದೆ ಡೇಟಾ ಶೀಟ್‌ನಲ್ಲಿ ಎಚ್‌ಟಿಎಚ್‌ಎಸ್ ಅನ್ನುವ ಅಂಕಿ ಹುಡುಕು. 150 ಡಿಗ್ರಿಯಲ್ಲಿ, ಬೇರಿಂಗಿನೊಳಗೆ ಆಗುವಂಥ ಅರೆತಕ್ಕೆ ಸಿಕ್ಕಿಸಿ ಅಳೆದ ಸ್ನಿಗ್ಧತೆ ಅದು. 3.5ಕ್ಕಿಂತ ಮೇಲಿರಲಿ. ಒಂದು ತಮಾಷೆ ಗೊತ್ತಾ? ಎರಡು ಡಬ್ಬಗಳ ಮೇಲೂ 5ಡಬ್ಲ್ಯೂ-30 ಅಂತಲೇ ಇರುತ್ತದೆ; ಆದರೆ ಎಸಿಇಎ ಎ3/ಬಿ4 ದರ್ಜೆಯದು 3.5 ಮುಟ್ಟಲೇಬೇಕು, ಪೆಟ್ರೋಲ್ ಉಳಿಸಲೆಂದು ಮಾಡಿದ ಎ5/ಬಿ5 ಅದಕ್ಕಿಂತ ಕೆಳಗೇ ಇರುತ್ತದೆ. ಟ್ರ್ಯಾಕಿಗೆ ಎರಡೂ ಒಂದೇ ಅಲ್ಲ.

ದುಡ್ಡು ಖರ್ಚು ಮಾಡಲೇಬೇಕು ಅಂತ ಕೈ ಕಡಿಯುತ್ತಿದ್ದರೆ ಮೊದಲು ಟೆಂಪರೇಚರ್ ಗೇಜ್ ಹಾಕಿಸು. ಒಬಿಡಿಯಿಂದ ಫೋನಿಗೆ ಬರುವ ಆಯಿಲ್ ಶಾಖ ಕೆಲವು ಕಾರುಗಳಲ್ಲಿ ಸೆನ್ಸರ್ ಅಳೆದದ್ದಲ್ಲ, ಇಸಿಯು ಅಂದಾಜಿಸಿದ್ದು. ಅದನ್ನು ತಿಳಿದುಕೊಂಡು ನಂಬು. ಪ್ರೆಷರ್ ಗೇಜೂ ಇದ್ದರೆ ಇನ್ನೂ ಒಳ್ಳೆಯದು. ಮೀಟರಿನಲ್ಲಿ ಆಯಿಲ್ ಪ್ರೆಷರ್‌ನ ಕೆಂಪು ದೀಪ ಹತ್ತುವ ಹೊತ್ತಿಗೆ ಪ್ರೆಷರ್ ಪೂರ್ತಿ ಕುಸಿದಿರುತ್ತದೆ.

ಓಡಿಸುವಾಗ ಇಷ್ಟು ನೆನಪಿಡು: ಆಯಿಲ್ 80 ಮುಟ್ಟುವ ತನಕ ಆರ್‌ಪಿಎಂ ಏರಿಸಬೇಡ, ಕೂಲಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ತಡ. 100ರಿಂದ 120 ನೆಮ್ಮದಿಯ ಜಾಗ. 130 ಕಂಡರೆ ಒಂದು ಗೇರ್ ಮೇಲೆ ಹಾಕಿ ಒಂದು ಸುತ್ತು ನಿಧಾನಕ್ಕೆ ಬಾ. 140 ಕಂಡರೆ ಪಿಟ್‌ಗೆ ಬಾ, ಮುಂದೆ ಹೋಗುತ್ತಿರುವವನು ಯಾರೇ ಆಗಿರಲಿ. ಮತ್ತೆ, ನೀನು ಇಳಿದ ತಕ್ಷಣ ಗೆಳೆಯ ಅದೇ ಕಾರು ಹತ್ತಿ ಹೋಗುವ ಪದ್ಧತಿ ಇದೆಯಲ್ಲ, ಅದನ್ನು ಬಿಡು. ನಿಮ್ಮಿಬ್ಬರಿಗೆ ವಿಶ್ರಾಂತಿ ಸಿಗುತ್ತದೆ, ಇಂಜಿನ್‌ಗಿಲ್ಲ.

ಕೊನೆಯ ಸುತ್ತು ತಣ್ಣಗೆ ಓಡಿಸು. ಬಂದವನೇ ಇಂಜಿನ್ ಆಫ್ ಮಾಡಬೇಡ. ಕಾದ ಟರ್ಬೊದಲ್ಲಿ ಆಯಿಲ್ ಹರಿಯದೆ ನಿಂತರೆ, ಬಾಣಲೆಯ ತಳದಲ್ಲಿ ಹತ್ತಿದ ಎಣ್ಣೆಯ ಹಾಗೆ ಕರಕಲಾಗಿ ಕೂರುತ್ತದೆ. ಬೆಳಿಗ್ಗೆ ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ ಮ್ಯಾಕ್ಸ್ ಗೆರೆಗೆ ಸರಿಯಾಗಿ ತುಂಬಿಸು. ಉದ್ದ ತಿರುವಿನಲ್ಲಿ ಆಯಿಲ್ ಸಂಪಿನ ಒಂದು ಬದಿಗೆ ಸರಿದು ಪಂಪಿನ ಬಾಯಿ ಗಾಳಿ ಹೀರಿದರೆ, ಎಂಥ ದುಬಾರಿ ಆಯಿಲ್ ಇದ್ದರೂ ಪ್ರಯೋಜನವಿಲ್ಲ. ಗೆರೆ ಮೀರಿಸಲೂ ಬೇಡ, ಕ್ರ್ಯಾಂಕ್ ಕಡೆದು ನೊರೆ ಎಬ್ಬಿಸುತ್ತದೆ. ಪ್ರತಿ ಸೆಷನ್ ಆದ ಮೇಲೂ ಮತ್ತೆ ನೋಡು. ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಆಯಿಲ್‌ಗೆ ಪೆಟ್ರೋಲ್ ಬೆರೆತಿದೆ, ಗ್ರೇಡ್ ಒಂದು ಮೆಟ್ಟಿಲು ಕೆಳಗಿಳಿದಿದೆ ಅಂತಲೇ ತಿಳಿ.

ಇಷ್ಟಾದ ಮೇಲೂ 130 ದಾಟುತ್ತಲೇ ಇದ್ದರೆ ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್ ಹಾಕಿಸೋಣ. ಥರ್ಮೋಸ್ಟಾಟ್ ಇಲ್ಲದ್ದು ಬೇಡ. ವಾಪಸ್ ಬರುವ ಹೈವೇಯಲ್ಲಿ ಆಯಿಲ್ ಬಿಸಿಯೇ ಏರದೆ ಒಳಗಿನ ನೀರು, ಪೆಟ್ರೋಲ್ ಆವಿಯಾಗದೆ ಉಳಿಯುತ್ತವೆ. ಭಾನುವಾರ ಪ್ರತಿ ಸೆಷನ್ನಿನ ಅತಿ ಹೆಚ್ಚಿನ ಶಾಖ, ಆಗಿದ್ದ ಪ್ರೆಷರ್, ಹೊರಗಿನ ಬಿಸಿಲು ಬರೆದು ವಾಟ್ಸಾಪ್ ಮಾಡು. ಅಲ್ಲಿಯ ತನಕ ಆ 20ಡಬ್ಲ್ಯೂ-50 ಡಬ್ಬ ಒಡೆಯಬೇಡ, ಅಂಗಡಿಗೆ ವಾಪಸ್ ಕೊಡಲು ಬರುತ್ತದೆ.